ಬಿಲಾಲರ ಹೆಸರು ಬೇಕು, ಬಣ್ಣ ಬೇಡವೇ?

ಇಸ್ಲಾಮಿನಲ್ಲಿ ವರ್ಣಭೇದವಿಲ್ಲ ಎಂಬ ಮಾತನ್ನು ನಾವು ಮಿಂಬರ್‌ಗಳಿಂದ ಎಷ್ಟು ಬಾರಿ ಕೇಳಿಲ್ಲ! ಮಾತು ಸತ್ಯ. ಆದರೆ ಇಸ್ಲಾಮಿನಲ್ಲಿ ಇಲ್ಲದ್ದು ನಮ್ಮ ಮನೆಗಳಲ್ಲಿಯೂ ಇಲ್ಲವೆಂದು ಅದರಿಂದ ಸಿದ್ಧವಾಗುವುದಿಲ್ಲ.

ತೊಟ್ಟಿಲಿನ ಬಳಿ ನಿಂತು ನಾವು ಮೊದಲು ನೋಡುವುದು ಮಗುವಿನ ಬಣ್ಣವನ್ನು. "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎನ್ನುತ್ತೇವೆ. ಆ 'ಆದರೂ' ಎಂಬ ಒಂದು ಪದದಲ್ಲಿ ನಮ್ಮ ಇಡೀ ರೋಗ ಅಡಗಿದೆ. ಮಗನಿಗೆ ಬಿಲಾಲ್ ಎಂದು ಹೆಸರಿಟ್ಟು ಹೆಮ್ಮೆಪಡುತ್ತೇವೆ. ಬಿಲಾಲರ ಬಣ್ಣದ ವರ ಮನೆಬಾಗಿಲಿಗೆ ಬಂದರೆ ನೆಪ ಹುಡುಕುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಗೆ ಉತ್ತರ ಕನ್ನಡದ ಸಿದ್ದಿ ಮುಸ್ಲಿಮ್ ಕುಟುಂಬದ ಬಾಲಕನೊಬ್ಬ ಸೇರಿದನು. ಸಹಪಾಠಿಗಳು ಅವನ ಗುಂಗುರು ಕೂದಲನ್ನು ಮುಟ್ಟಿ, "ನೀನು ಯಾವ ದೇಶದವನು?" ಎಂದು ನಕ್ಕರು. "ಅಲ್ಲಾಹನ ಮುಂದೆ ಎಲ್ಲರೂ ಸಮಾನರು, ಸುಮ್ಮನೆ ಪಾಠ ಓದಿ" ಎಂದು ಗದರಿಸಿ ನಾವು ಮುಂದೆ ಸಾಗಿದೆವು. ನ್ಯಾಯ ಮಾಡಿದೆವೆಂದೇ ಭಾವಿಸಿದ್ದೆವು. ಮರುದಿನದಿಂದ ಆ ಬಾಲಕ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಕೊನೆಯ ಸಾಲಿನಲ್ಲಿ ಕುಳಿತನು. ನಾವು ನಗುವವರ ಬಾಯಿ ಮುಚ್ಚಿಸಿದ್ದೆವು. ಅವನ ಮನಸ್ಸಿನಲ್ಲಿ ಎದ್ದ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ.

ಮಕ್ಕಳ ಮುಂದೆ ಬಣ್ಣದ ಮಾತೆತ್ತಿದರೆ ಇಲ್ಲದ ಭೇದವನ್ನು ನಾವೇ ಕಲಿಸಿದಂತೆ ಎಂದು ಹಿರಿಯರು ಹೇಳುವುದುಂಟು. 1940ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ದಂಪತಿ ಕೆನೆತ್ ಮತ್ತು ಮಾಮಿ ಕ್ಲಾರ್ಕ್, ಮೂರರಿಂದ ಏಳು ವರ್ಷದ ಕರಿಯ ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿಯೂ ಒಂದೇ ಬಗೆಯಾದ ಗೊಂಬೆಗಳನ್ನಿಟ್ಟರು. ಬಹುಪಾಲು ಮಕ್ಕಳು ಬಿಳಿಯ ಗೊಂಬೆಯನ್ನೇ ಒಳ್ಳೆಯದೆಂದು ಆರಿಸಿಕೊಂಡರು. ಮೂರರ ಹಸುಳೆಗೆ ಈ ಪಾಠವನ್ನು ಕುಳ್ಳಿರಿಸಿ ಕಲಿಸಿದವರು ಯಾರು? ಸುತ್ತಲಿನ ಸಮಾಜವೇ ಕಲಿಸಿತ್ತು. ನಾವು ಮೌನವಾಗಿದ್ದರೆ ಮಗುವಿನ ಕಲಿಕೆ ನಿಲ್ಲುವುದಿಲ್ಲ. ತಪ್ಪು ಗುರುವಿನಿಂದ ಕಲಿಯುತ್ತದೆ, ಅಷ್ಟೆ.

ಪ್ರವಾದಿ(ಸ)ರವರು ಈ ವಿಷಯದಲ್ಲಿ ಮೌನ ವಹಿಸಿದರೇ? ಅಬೂದರ್ರ್(ರ) ಒಬ್ಬ ವ್ಯಕ್ತಿಯನ್ನು ಅವನ ತಾಯಿಯ ಹೆಸರೆತ್ತಿ ಹಳಿದಾಗ, ನಿಮ್ಮಲ್ಲಿ ಇನ್ನೂ ಜಾಹಿಲಿಯ್ಯತ್ ಉಳಿದಿದೆ ಎಂದು ನೇರವಾಗಿ ಎಚ್ಚರಿಸಿದರು. ಇದು ಸಹೀಹ್ ಬುಖಾರಿಯಲ್ಲಿದೆ. ಹಳಿಸಿಕೊಂಡವರು ಬಿಲಾಲ್(ರ) ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಮಕ್ಕಾ ವಿಜಯದ ದಿನ ಅದೇ ಬಿಲಾಲ(ರ)ರನ್ನು ಕಅಬಾದ ಮೇಲೆ ಹತ್ತಿಸಿ ಅದಾನ್ ಕೊಡಿಸಿದರು. ವಿದಾಯ ಹಜ್ಜ್‌ನ ಪ್ರವಚನದಲ್ಲಿ ಕರಿಯ, ಬಿಳಿಯ, ಅರಬ, ಅರಬೇತರ ಎಂದು ಒಂದೊಂದನ್ನೂ ಹೆಸರಿಸಿಯೇ ಮೇಲುಕೀಳನ್ನು ತಳ್ಳಿಹಾಕಿದರು. ಕುರ್‌ಆನ್ ಅಂತೂ ಬಣ್ಣವನ್ನು ಮರೆಯಿರೆಂದು ಹೇಳುವುದಿಲ್ಲ. ಭಾಷೆ ಮತ್ತು ವರ್ಣಗಳ ವೈವಿಧ್ಯವನ್ನು ಅಲ್ಲಾಹನ ದೃಷ್ಟಾಂತವೆಂದು (30:22) ತೋರಿಸುತ್ತದೆ. ದೃಷ್ಟಾಂತವನ್ನು ನೋಡದಂತೆ ನಟಿಸುವುದು ಯಾವ ಬಗೆಯ ಭಕ್ತಿ?

ಆ ಬಾಲಕನಿಗೆ ನಾವು ಹೇಳಬೇಕಾದದ್ದು ಬಹಳವಿತ್ತು. ನಿನ್ನ ಪೂರ್ವಜರು ಆಫ್ರಿಕಾದವರು. ಅವರಲ್ಲಿ ಅನೇಕರು ಗುಲಾಮಗಿರಿಯಿಂದ ತಪ್ಪಿಸಿಕೊಂಡು ನಮ್ಮ ಕಾಡುಗಳಲ್ಲಿ ನೆಲೆನಿಂತ ಧೀರರು. ಅವರನ್ನು ಮಾರಿದವರಲ್ಲಿ ಪೋರ್ಚುಗೀಸರಷ್ಟೇ ಅಲ್ಲ, ಮುಸ್ಲಿಮ್ ವ್ಯಾಪಾರಿಗಳೂ ಇದ್ದರು ಎಂಬ ಕಹಿಯನ್ನು ಮುಚ್ಚಿಡಬಾರದಿತ್ತು. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹ್ಮದ್‌ನಗರವನ್ನು ಆಳಿದ್ದನ್ನೂ, ನಮ್ಮದೇ ಬಿಜಾಪುರದಲ್ಲಿ ಹಬಶಿ ಮೂಲದ ಇಖ್ಲಾಸ್ ಖಾನ್ ಆದಿಲ್‌ಶಾಹಿಯ ಪ್ರಧಾನಿಯಾಗಿದ್ದುದನ್ನೂ ಹೇಳಬೇಕಿತ್ತು. ನಕ್ಕ ಮಕ್ಕಳೂ ಅದನ್ನು ಕೇಳಬೇಕಿತ್ತು. ಅವರಿಗೇ ಅದು ಹೆಚ್ಚು ಅಗತ್ಯವಿತ್ತು.

ಮಾತಾಪಿತರೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಈ ವಿಷಯವನ್ನು ಮಕ್ಕಳೊಂದಿಗೆ ಎತ್ತಿರಿ. ನಿಮ್ಮ ಮನೆಯಲ್ಲಿ ಯಾರನ್ನು 'ಕರಿಯ' ಎಂದು ಕರೆದಿರೋ ಅವರಲ್ಲಿ ಮೊದಲು ಕ್ಷಮೆ ಕೇಳಿರಿ. ನಮಾಝಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ಸಲಾಮ್ ಹೇಳಿದ ಮರುಕ್ಷಣವೇ ದೂರ ಸರಿಯುವವರಾಗದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.