ಹಸಿರು ನಕ್ಷೆಯೂ ಕೊಳವೆಬಾವಿಯೂ

ಭೂಮಿ ಹಸಿರಾಗ್ತಾ ಇದೆ, ಅದರಲ್ಲೂ ಭಾರತ-ಚೀನಾ ಮುಂದಿವೆ ಅನ್ನೋ ನಕ್ಷೆಯನ್ನ ನೀವೂ ನೋಡಿರ್ತೀರಿ. 2019ರಲ್ಲಿ ನಾಸಾ ಪ್ರಕಟಿಸಿದ್ದು. ಇವತ್ತಿಗೂ ಯಾರಾದರೊಬ್ಬರು ಫಾರ್ವರ್ಡ್ ಮಾಡ್ತಾನೇ ಇರ್ತಾರೆ, ಜೊತೆಗೊಂದು ಷರಾ: "ಕಂಪ್ಯೂಟರ್ ಮಾಡೆಲ್‌ಗಳೂ ಇದನ್ನೇ ಹೇಳಿವೆ. ಕಾರ್ಬನ್ ಡೈಆಕ್ಸೈಡ್ ಅಂದ್ರೆ ಗಿಡಗಳಿಗೆ ಗೊಬ್ಬರ ಕಣ್ರೀ, ಸುಮ್ನೆ ಹೆದರಿಸಬೇಡಿ."

ನಕ್ಷೆಯ ಬಗ್ಗೆ ನನ್ನ ತಕರಾರಿಲ್ಲ. ಜಗಳ ಇರೋದು ಆ ಷರಾದ ಜೊತೆ.

ಆ ಗೊಬ್ಬರದ ಮಾತಿಗೆ ಆಧಾರವಾಗಿ ತೋರಿಸೋದು 2016ರ ಒಂದು ಅಧ್ಯಯನವನ್ನ. ಉಪಗ್ರಹಗಳಿಂದ ಲೆಕ್ಕ ಹಾಕಿದ 1982-2009ರ ಎಲೆಯ ವಿಸ್ತೀರ್ಣವನ್ನು ಹಲವು ಸಸ್ಯ ಮಾಡೆಲ್‌ಗಳ ಜೊತೆ ಹೋಲಿಸಿದರು. ಜಗತ್ತಿನ ಒಟ್ಟು ಹಸಿರು ಏರಿಕೆಯಲ್ಲಿ ಶೇ. 70ಕ್ಕೆ ಕಾರ್ಬನ್ ಡೈಆಕ್ಸೈಡ್ ಕಾರಣ, ಭೂಬಳಕೆಯ ಬದಲಾವಣೆ ಶೇ. 4 ಮಾತ್ರ ಅಂದವು ಮಾಡೆಲ್‌ಗಳು. ಸರಿ, ಅದು ಇಡೀ ಜಗತ್ತಿನ ಲೆಕ್ಕ. ಭಾರತಕ್ಕೆ ಅದನ್ನೇ ತಂದು ಅಂಟಿಸೋ ಮುಂಚೆ 2019ರ ನಕ್ಷೆಯ ಹಿಂದಿರೋ ಪ್ರಬಂಧವನ್ನೂ ಓದಬೇಕಲ್ವಾ? 2000-2017ರ ಮೋಡಿಸ್ ಮಾಹಿತಿ ಪ್ರಕಾರ ಭಾರತದ ಹೊಸ ಹಸಿರಿನಲ್ಲಿ ಶೇ. 82 ಬಂದಿರೋದು ಹೊಲಗದ್ದೆಗಳಿಂದ. ಕಾಡಿನ ಪಾಲು ಶೇ. 4.4! ಅವರು ಕೊಡೋ ಕಾರಣ: ನೀರಾವರಿ, ಗೊಬ್ಬರ (ಮೂಟೆಯಲ್ಲಿ ಬರೋದು, ಗಾಳಿಯಲ್ಲಿ ಇರೋದಲ್ಲ), ಒಂದೇ ಭೂಮಿಯಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೆಳೆ.

ಔಟ್‌ಪುಟ್ ಹೊಂದಿದ ಮಾತ್ರಕ್ಕೆ ಒಳಗಿನ ಲಾಜಿಕ್ ಸರಿ ಅಂತಲ್ಲ, ಇದು ಕೋಡ್ ಬರೆಯೋ ಎಲ್ಲರಿಗೂ ಗೊತ್ತು. ಬೆಳೆ ಅಂದ್ರೆ ಹೆಚ್ಚುಕಮ್ಮಿ ಹುಲ್ಲು ಅಂತ ಎಣಿಸುವ, ಬೋರ್‌ವೆಲ್ ಅನ್ನೋದೇ ಗೊತ್ತಿಲ್ಲದ ಮಾಡೆಲ್‌ನಲ್ಲೂ ಹಸಿರಿನ ಗೆರೆ ಮೇಲೇರಬಹುದು. ಉಪಗ್ರಹದ ಗೆರೆಯೂ ಏರಿದೆ. ಎರಡನ್ನೂ ಒಂದರ ಮೇಲೊಂದಿಟ್ಟು ಟೆಸ್ಟ್ ಪಾಸ್ ಅಂದುಬಿಟ್ರೆ ಹೇಗೆ ಸ್ವಾಮೀ?

ಅಂದಹಾಗೆ, ಉಪಗ್ರಹವೇನೂ ಎಲೆ ಎಣಿಸಲ್ಲ. ಅದು ಅಳೆಯೋದು ನೆಲದಿಂದ ವಾಪಸ್ ಬರೋ ಕೆಂಪು ಮತ್ತು ಅವಗೆಂಪು ಬೆಳಕನ್ನ. ಅದನ್ನ ಎಲೆ ವಿಸ್ತೀರ್ಣ ಮಾಡೋದು ಇನ್ನೊಂದು ಮಾಡೆಲ್! ದಟ್ಟ ಕಾಡಿನಲ್ಲಿ ಒಂದು ಮಿತಿ ದಾಟಿದ ಮೇಲೆ ಎಲೆ ಎಷ್ಟೇ ಜಾಸ್ತಿಯಾದರೂ ಬೆಳಕು ಅಷ್ಟಾಗಿ ಬದಲಾಗಲ್ಲ. ಆಷಾಢದ ಮಲೆನಾಡಂತೂ ಮೋಡದಡಿ ಮುಚ್ಚಿಹೋಗಿರುತ್ತೆ. ಬಂಡೀಪುರದ ಲಂಟಾನಾ ಪೊದೆಯೂ ಅದಕ್ಕೆ ಹಸಿರೇ.

ಆದರೆ ನನಗೆ ನಿಜಕ್ಕೂ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಅದೇ ಕಾಲದಲ್ಲಿ ಗ್ರೇಸ್ ಅಂತ ಇನ್ನೊಂದು ಉಪಗ್ರಹ ಜೋಡಿ ಗುರುತ್ವಾಕರ್ಷಣೆಯ ಏರುಪೇರಿನಿಂದ ಭೂಮಿಯೊಳಗಿನ ನೀರನ್ನ ತೂಗ್ತಾ ಇತ್ತು. ಪಂಜಾಬ್, ಹರಿಯಾಣ, ರಾಜಸ್ಥಾನ, ದೆಹಲಿಯ ಅಡಿಯಿಂದ 2002-2008ರ ನಡುವೆ 109 ಘನ ಕಿಲೋಮೀಟರ್ ಅಂತರ್ಜಲ ಹೋಗಿದೆ ಅಂತ 2009ರಲ್ಲೇ ಬಂತು. ಹಸಿರು ನಕ್ಷೆ ಕಳಿಸೋರು ಇದನ್ನ ಮಾತ್ರ ಕಳಿಸಲ್ಲ, ಯಾಕೋ!

ನೀರಾವರಿ ಲೆಕ್ಕ ಹಿಡಿಯೋ ಮಾಡೆಲ್‌ಗಳು ಇಲ್ಲ ಅಂತಲ್ಲ, ಇವೆ. ಬೋರ್‌ವೆಲ್ ಆನ್ ಇಟ್ಟು ಒಂದು ಸಲ, ಆಫ್ ಮಾಡಿ ಇನ್ನೊಂದು ಸಲ ಓಡಿಸಿ, ಆಮೇಲೆ ಉಪಗ್ರಹದ ಜೊತೆ ಹೋಲಿಸಿ. ಆಫ್ ಮಾಡಿದಾಗ ಕೋಲಾರ ಯಾವ ಬಣ್ಣದಲ್ಲಿದೆ ಅಂತ ತೋರಿಸೋ ನಕ್ಷೆ ಕೊಡಿ, ಅದನ್ನ ನಾನೇ ಫಾರ್ವರ್ಡ್ ಮಾಡ್ತೀನಿ.