ಖರಾಬು ಎಂದು ಬರೆದ ಭೂಮಿ ಯಾರದು?

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಜಲಾವೃತವಾದವು. ಹೊರವರ್ತುಲ ರಸ್ತೆ ಹಾಗೂ ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ ಜನರನ್ನು ಟ್ರ್ಯಾಕ್ಟರುಗಳಲ್ಲಿ, ದೋಣಿಗಳಲ್ಲಿ ಸಾಗಿಸಬೇಕಾಯಿತು. ಕೋಟಿಗಟ್ಟಲೆ ಬೆಲೆಬಾಳುವ ಮನೆಗಳ ನಡುಮನೆಗೂ ನೀರು ನುಗ್ಗಿತು. ಒಂದೂವರೆ ವರ್ಷ ಕಳೆದು 2024ರ ಬೇಸಿಗೆ ಬಂದಾಗ ಅದೇ ನಗರದಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಜನರು ಕೊಡಗಳನ್ನು ಹಿಡಿದು ಟ್ಯಾಂಕರಿನ ದಾರಿ ಕಾದರು. ಒಂದೇ ಊರು ನೀರಿನಲ್ಲಿ ಮುಳುಗಿತು, ನೀರಿಗಾಗಿ ಬಾಯಾರಿತು. ಎರಡೂ ಸಂಕಟಗಳ ಬೇರು ಒಂದೇ ಆಗಿದೆ.

ಮಳೆಯನ್ನು ಇಳಿಸುವವನೂ ತಡೆಹಿಡಿಯುವವನೂ ಅಲ್ಲಾಹನೇ ಎಂಬುದು ನಮ್ಮ ವಿಶ್ವಾಸ. ಆದರೆ ಇಳಿದ ಮಳೆ ಹರಿಯಬೇಕಾದ ದಾರಿಗೆ ಅಡ್ಡಲಾಗಿ ಗೋಡೆ ಎಬ್ಬಿಸಿದವನು ಮನುಷ್ಯ. ನೆಲ ಜಲಗಳ ಕೇಡಿಗೆ ಮನುಷ್ಯನ ಕೃತ್ಯಗಳನ್ನೇ ಹೊಣೆಯಾಗಿಸುವ ಪವಿತ್ರ ಕುರ್‌ಆನ್, ಆ ಕೇಡಿನ ರುಚಿ ಕಂಡ ಮೇಲಾದರೂ ಅವನು ಮರಳಿ ಬರಲೆಂದು ಬಯಸುತ್ತದೆ. ಆದುದರಿಂದ ವಿಧಿಯ ಹೆಸರು ಹೇಳಿ ಕೈತೊಳೆದುಕೊಳ್ಳಲು ವಿಶ್ವಾಸಿಗೆ ಅವಕಾಶವಿಲ್ಲ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ವರ್ಷಪೂರ್ತಿ ತುಂಬಿ ಹರಿಯುವ ನದಿಯಿಲ್ಲ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳಿಗೆ ಇಳಿದುಹೋಗುತ್ತದೆ. ಹಿಂದಿನವರು ಈ ಇಳಿಜಾರನ್ನು ಅರಿತು, ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ ಕೆರೆಗಳ ಸರಪಣಿಯನ್ನು ನಿರ್ಮಿಸಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುತ್ತಿತ್ತು. ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಂಚಲು ನೀರಗಂಟಿಯಿದ್ದನು. ಕೆರೆಯಿಂದ ಕೆರೆಗೆ ನೀರು ಸಾಗುವ ಆ ಹಾದಿಗಳೇ ಇಂದಿನ ರಾಜಕಾಲುವೆಗಳು.

1894ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಕೊಳವೆಯ ಮೂಲಕ ನೀರು ಬಂದಿತು. ದೂರದ ನೀರು ಮನೆಬಾಗಿಲಿಗೆ ಬಂದಂತೆ ಸಮೀಪದ ಕೆರೆಯ ಮೇಲಿನ ಕಾಳಜಿ ಬತ್ತಿಹೋಯಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಉಳಿದ ಕೆರೆಗಳಲ್ಲಿ ಹಲವು ಕೊಳಚೆಯ ಗುಂಡಿಗಳಾದವು. ಬೆಳ್ಳಂದೂರು ಕೆರೆಯಲ್ಲಿ 2017ರಲ್ಲಿ ಬೆಂಕಿಯೇ ಹೊತ್ತಿಕೊಂಡಿತು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳು ಮಹಾನಗರಕ್ಕೆ ಸೇರಿದವು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ಈ ನಡುವೆ ಅಲ್ಲಿ ನಿವೇಶನಗಳ ವ್ಯಾಪಾರ ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಈ ವ್ಯಾಪಾರದ ಒಳಗುಟ್ಟನ್ನು ತಿಳಿಯಲು ಕಂದಾಯ ದಾಖಲೆಯ ಒಂದು ಪದವನ್ನು ಗಮನಿಸಬೇಕು. ಅದು 'ಖರಾಬು'. ಅರಬಿಯಿಂದ ಪಾರಸಿಯ ದಾರಿಯಾಗಿ ನಮ್ಮ ಪಹಣಿಯನ್ನು ಸೇರಿದ ಈ ಪದಕ್ಕೆ ಮೂಲದಲ್ಲಿ ಹಾಳುಬಿದ್ದದ್ದು ಎಂಬ ಅರ್ಥವಿದೆ. ಕಲ್ಲು ಬಂಡೆಗಳಿಂದ ಕೂಡಿ ಬೇಸಾಯಕ್ಕೆ ಒದಗದ ನೆಲ 'ಎ' ಖರಾಬು. 'ಬಿ' ಖರಾಬು ಹಾಗಲ್ಲ. ಸಾರ್ವಜನಿಕರಿಗೆಂದು ಮೀಸಲಾಗಿರುವ ಕಾರಣಕ್ಕೆ ಕಂದಾಯ ವಿಧಿಸದೆ ಬಿಟ್ಟ ನೆಲ ಅದು. ರಸ್ತೆ, ಕಾಲುದಾರಿ, ಜನರು ಬಳಸುವ ಕೆರೆ ಹಾಗೂ ಹಳ್ಳ, ಶವಸಂಸ್ಕಾರದ ಭೂಮಿ ಇವೆಲ್ಲವೂ ಆ ಗುಂಪಿಗೆ ಸೇರಿವೆ. ಮಾರುವವನು 'ಅದು ಖರಾಬು, ಯಾರಿಗೂ ಬೇಡದ ಜಾಗ' ಎನ್ನುತ್ತಾನೆ. ಕೊಳ್ಳುವವನು ನಂಬುತ್ತಾನೆ. ಎಲ್ಲರಿಗೂ ಬೇಕಾದ ಜಾಗ ಹೀಗೆ ಯಾರಿಗೂ ಬೇಡದ ಜಾಗವೆಂದು ಬಿಕರಿಯಾಗುತ್ತದೆ.

ನಮ್ಮ ಊರಿನ ಕಬರಸ್ತಾನದ ಒಂದು ಮೂಲೆಗೆ ಯಾರಾದರೂ ಬೇಲಿ ಹಾಕಿದರೆ ಇಡೀ ಜಮಾಅತ್ ಎದ್ದು ನಿಲ್ಲುತ್ತದೆ, ನಿಲ್ಲಲೇಬೇಕು. ಆದರೆ ಕಬರಸ್ತಾನವನ್ನು ಕಾಯುವ ಅದೇ ನಿಯಮದಲ್ಲಿ, ಅದೇ ಸಾಲಿನಲ್ಲಿ ಕೆರೆಯೂ ಹಳ್ಳವೂ ಇವೆ. ಸತ್ತವರ ನೆಲಕ್ಕಾಗಿ ಹೋರಾಡುವ ನಾವು ಬದುಕಿರುವವರ ನೀರಿನ ಹಾದಿಯ ಬಗ್ಗೆ ಮೌನವಾಗಿರುವುದು ಸರಿಯೇ?

ಇಸ್ಲಾಮೀ ಫಿಕ್ಹ್‌ನಲ್ಲಿ ಈ ವಿಷಯ ಸ್ಪಷ್ಟವಾಗಿದೆ. ಯಾರ ಒಡೆತನದಲ್ಲೂ ಇಲ್ಲದ ಬಂಜರು ಭೂಮಿಗೆ ಜೀವ ಕೊಟ್ಟವನಿಗೆ ಅದರ ಹಕ್ಕು ಸಿಗುತ್ತದೆ. ಆದರೆ ಬಾವಿ, ತೊರೆ, ದಾರಿ ಮತ್ತು ಜನವಸತಿಯ ಸುತ್ತ 'ಹರೀಮ್' ಎಂಬ ಕಾಯ್ದಿಟ್ಟ ನೆಲವಿದೆ. ನೋಡಲು ಖಾಲಿಯಾಗಿದ್ದರೂ ಅದನ್ನು ಯಾರೂ ತನ್ನದಾಗಿಸಿಕೊಳ್ಳುವಂತಿಲ್ಲ. ಬಾವಿಯ ಸುತ್ತ 40 ಮೊಳ ಜಾಗವನ್ನು ಜಾನುವಾರುಗಳಿಗಾಗಿ ಬಿಡಬೇಕೆಂಬ ನಿರ್ದೇಶನ ಇಬ್ನು ಮಾಜಃದ ಹದೀಸ್‌ನಲ್ಲಿದೆ. ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015 ಕೆರೆಯ ಅಂಚಿನಿಂದ 30 ಮೀಟರ್, ರಾಜಕಾಲುವೆಗಳ ದರ್ಜೆಗೆ ಅನುಸಾರವಾಗಿ 50, 25 ಮತ್ತು 15 ಮೀಟರ್ ಜಾಗವನ್ನು ಕಟ್ಟಡವಿಲ್ಲದೆ ಬಿಡಬೇಕೆಂದು ನಿಗದಿಪಡಿಸಿತ್ತು. ಅಳತೆ ಬೇರೆ, ಭಾಷೆ ಬೇರೆ; ಆಶಯ ಒಂದೇ.

ಮದೀನಾದ ಮಹ್‌ಝೂರ್ ಕಣಿವೆಯ ಮಳೆನೀರಿನ ಬಗ್ಗೆ ಪ್ರವಾದಿವರ್ಯರು(ಸ) ನೀಡಿದ ತೀರ್ಪು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ದಾಖಲಾಗಿದೆ. ಮೇಲಿನ ತೋಟದವನು ಪಾದದ ಗಂಟಿನವರೆಗೆ ನೀರು ನಿಲ್ಲಿಸಿಕೊಳ್ಳಬಹುದು. ಬಳಿಕ ಕೆಳಗಿನವನಿಗೆ ಬಿಡಬೇಕು. ನಮ್ಮ ಕೆರೆಗಳ ಸರಪಣಿ ನಡೆಯುತ್ತಿದ್ದುದೂ ಇದೇ ನ್ಯಾಯದ ಮೇಲೆ. ಮೇಲಿರುವವನಿಗೆ ಮೊದಲ ಪಾಲು ಇದೆ, ಪೂರ್ತಿ ಪಾಲು ಇಲ್ಲ. ರಾಜಕಾಲುವೆಯ ಮೇಲೆ ಮನೆ ಕಟ್ಟಿದವನು ಕೆಳಗಿನ ನೆರೆಮನೆಯವನಿಗೆ ಬೇಸಿಗೆಯಲ್ಲಿ ನೀರನ್ನು ನಿರಾಕರಿಸುತ್ತಾನೆ. ಮಳೆಗಾಲದಲ್ಲಿ ಅಕ್ಕಪಕ್ಕದವರ ಮನೆಗಳಿಗೆ ಪ್ರವಾಹವನ್ನು ತಿರುಗಿಸುತ್ತಾನೆ. ನೆರೆಯವನ ಹಕ್ಕನ್ನು ಕುರಿತು ಎಷ್ಟೋ ಪ್ರವಚನಗಳನ್ನು ಕೇಳಿರುವ ನಾವು ಈ ಕಾಣದ ನೆರೆಯವನನ್ನು ಮರೆತಿದ್ದೇವೆ.

ಅನ್ಯಾಯವಾಗಿ ಒಂದು ಗೇಣು ನೆಲವನ್ನು ಕಬಳಿಸಿದವನ ಕೊರಳಿಗೆ ಖಿಯಾಮತ್ತಿನ ದಿನ ಏಳು ಭೂಮಿಗಳ ಭಾರವನ್ನು ತೊಡಿಸಲಾಗುವುದೆಂಬ ಎಚ್ಚರಿಕೆ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಕಬಳಿಸಿದ ನೆಲದ ಮೇಲೆ ನಿರ್ವಹಿಸುವ ನಮಾಝಿನ ಕುರಿತೂ ವಿದ್ವಾಂಸರು ಚರ್ಚಿಸಿದ್ದಾರೆ. ಬಹುಪಾಲು ಇಮಾಮರು ಅದು ಸಿಂಧುವಾದರೂ ಪಾಪಮುಕ್ತವಲ್ಲ ಎಂದಿದ್ದಾರೆ. ಹಂಬಲಿ ಮದ್‌ಹಬಿನ ಪ್ರಸಿದ್ಧ ಅಭಿಪ್ರಾಯದಲ್ಲಿ ಆ ನಮಾಝ್ ಸಿಂಧುವೇ ಅಲ್ಲ. ಮನೆಯಾಗಲಿ, ಶಾಲೆಯಾಗಲಿ, ಮಸೀದಿಯೇ ಆಗಲಿ, ಕಟ್ಟಡದ ಪಾವಿತ್ರ್ಯವು ಅಡಿಪಾಯದ ನೆಲದಿಂದಲೇ ಆರಂಭವಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಬಾಡಿಗೆಯ ಭಾರ ತಾಳಲಾರದ ಬಡವನು ಅಗ್ಗದ ನಿವೇಶನ ಸಿಕ್ಕಲ್ಲಿ ಕೊಳ್ಳುತ್ತಾನೆ. ಅವನಿಗೆ ಕೆರೆಯ ಕಥೆ ಹೇಳಿ ಫಲವೇನು? ಈ ಮಾತಿನಲ್ಲಿ ಹುರುಳಿದೆ. ಜೀವಮಾನದ ಉಳಿತಾಯ ಸುರಿದು, ಹೆಣ್ಣುಮಕ್ಕಳ ಒಡವೆ ಅಡವಿಟ್ಟು 20–30ರ ನಿವೇಶನ ಕೊಂಡವನನ್ನೂ, ಕಾಲುವೆಯ ಮಾರ್ಗವನ್ನೇ ಬದಲಿಸಿ ಬಹುಮಹಡಿ ಎಬ್ಬಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಜೆಸಿಬಿ ಮೊದಲು ಬಡವನ ಗೋಡೆಗೆ ತಾಗಿ ಶ್ರೀಮಂತನ ಆವರಣದ ಮುಂದೆ ನಿಂತರೆ ಅದನ್ನು ಕಾನೂನಿನ ಆಡಳಿತ ಎನ್ನಲಾಗದು. ಬಡವರ ಮನೆಗಳನ್ನು ತೆರವುಗೊಳಿಸುವ ಮೊದಲು ಪುನರ್ವಸತಿ ಕಲ್ಪಿಸುವುದು, ನಿವೇಶನ ಮಾರಿದವನನ್ನೂ ಅನುಮತಿಗೆ ಸಹಿ ಹಾಕಿದವನನ್ನೂ ಹೊಣೆಗಾರರನ್ನಾಗಿಸುವುದು ಸರ್ಕಾರದ ಕರ್ತವ್ಯ. ಆದರೆ ಕಾಲುವೆಯ ಮೇಲಿನ ಅಗ್ಗದ ನಿವೇಶನ ಬಡವನಿಗೆ ಮಾಡುವ ಉಪಕಾರವಲ್ಲ. ಪ್ರವಾಹ ಬಂದಾಗ ಮೊದಲು ಮುಳುಗುವುದೂ ಅವನ ಮನೆಯೇ. ಅವನು ಮೋಸಹೋಗುವ ಮೊದಲೇ ತಡೆಯುವುದು ಅವನಿಗೆ ಮಾಡಬಹುದಾದ ದೊಡ್ಡ ಸಹಾಯ.

ಈ ಕೆಲಸವನ್ನು ನಮ್ಮ ಮೊಹಲ್ಲಾಗಳಿಂದಲೇ ಆರಂಭಿಸಬಹುದು. ನಿವೇಶನಕ್ಕೆ ಮುಂಗಡ ಕೊಡುವ ಮೊದಲು ಸರ್ವೆ ಸಂಖ್ಯೆ ಹಿಡಿದು ಹಳೆಯ ಗ್ರಾಮ ನಕ್ಷೆಯನ್ನು ನೋಡಬೇಕು; ಕೆರೆ, ಹಳ್ಳ, ಕಾಲುದಾರಿಗಳ ಗುರುತು ಅದರಲ್ಲಿರುತ್ತದೆ. ಪಹಣಿಯಲ್ಲಿ ಖರಾಬು ಎಷ್ಟು ಗುಂಟೆ, ಅದು 'ಎ' ಯೋ 'ಬಿ' ಯೋ ಎಂದು ವಿಚಾರಿಸಬೇಕು. ದಾಖಲೆ ಓದಬಲ್ಲ ಯುವಕರು, ವಕೀಲರು ಪ್ರತಿಯೊಂದು ಜಮಾಅತ್‌ನಲ್ಲೂ ಇದ್ದಾರೆ. ವಾರಕ್ಕೊಮ್ಮೆ ಇಶಾ ನಮಾಝಿನ ಬಳಿಕ ಒಂದು ಗಂಟೆ ಕುಳಿತು ಬಡ ಕುಟುಂಬಗಳ ಕಾಗದಪತ್ರ ಪರಿಶೀಲಿಸಿದರೆ ಎಷ್ಟೋ ಮನೆಗಳು ಸಾಲದಿಂದಲೂ ಪಾಪದಿಂದಲೂ ಪಾರಾಗುತ್ತವೆ. ಮಸೀದಿಯ ಮಾಳಿಗೆಗೆ ಬಿದ್ದ ಮಳೆನೀರನ್ನು ಇಂಗಿಸಿ, ವುಝೂವಿನ ನೀರನ್ನು ಗಿಡಗಳಿಗೆ ಹಾಯಿಸಿದರೆ ಮಕ್ಕಳು ಅದನ್ನು ಕಂಡೇ ಕಲಿಯುತ್ತಾರೆ. ಖತೀಬರು ವರ್ಷದಲ್ಲಿ ಒಂದು ಜುಮಾ ಖುತ್ಬಾವನ್ನಾದರೂ ಒತ್ತುವರಿಯ ವಿಷಯಕ್ಕೆ ಮೀಸಲಿಡಲಿ.

ನಗರ ಬೆಳೆಯಲಿ, ಮನುಷ್ಯನಿಗೆ ಸೂರು ಬೇಕು, ದುಡಿಮೆ ಬೇಕು. ಆದರೆ ನೀರಿನ ಹಾದಿಯನ್ನು ಬಿಟ್ಟು ಬೆಳೆಯಲಿ. ಭೂಮಿ ನಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ನಂಬಿ ಒಪ್ಪಿಸಿದವನ ಮುಂದೆ ಒಂದು ದಿನ ಲೆಕ್ಕ ಕೊಡಲಿಕ್ಕಿದೆ. ಆ ದಿನ ಖಾತಾ, ಕ್ರಯಪತ್ರಗಳು ನೆರವಿಗೆ ಬರುವುದಿಲ್ಲ.

ಇತರರ ಹಕ್ಕಿನ ಒಂದು ಗೇಣು ನೆಲವೂ, ಒಂದು ಬೊಗಸೆ ನೀರೂ ನಮ್ಮ ಮನೆ ಸೇರದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.