ಕಾರಿನ ಸೀಟು ಮತ್ತು ರೈತನ ಹೇರು



ನಮ್ಮ ಹಿರಿಯರ ಚಕ್ಕಡಿ ಒಂದೇ ಆದರೂ ಹಲವು ಕೆಲಸಕ್ಕೆ ಒದಗುತ್ತಿತ್ತು. ಹೊಲಕ್ಕೆ ತಿಪ್ಪೆಗೊಬ್ಬರ ಸಾಗಿಸಿದ ಗಾಡಿಯನ್ನೇ ತೊಳೆದು, ಹುಲ್ಲು ಹಾಸಿ, ಮನೆಮಂದಿಯೆಲ್ಲ ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೋಗುತ್ತಿದ್ದರು. ಕಣಿಕೆ ಹೇರುವಾಗ ಗೂಟ ಏರಿಸುವುದು, ಕೆಲಸ ತೀರಿದ ಮೇಲೆ ಕಿತ್ತಿಡುವುದು ಯಾರಿಗೂ ಹೊಸತಾಗಿರಲಿಲ್ಲ.

ಈಗ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಅನೇಕ ಮನೆಗಳಲ್ಲಿ ಚಕ್ಕಡಿಯ ಜಾಗಕ್ಕೆ ಕಾರು ಬಂದಿದೆ. ಅರಭಾವಿಯಿಂದ ಸಸಿ ತರಬೇಕು, ಸಂಕೇಶ್ವರದ ಪೇಟೆಗೆ ಎರಡು ಚೀಲ ಮೆಣಸಿನಕಾಯಿ ಒಯ್ಯಬೇಕು, ಹನಿ ನೀರಾವರಿಯ ಪೈಪಿನ ಸುರುಳಿ ತರಬೇಕು. ಇಷ್ಟು ಮಾಲಿಗೆ ಟೆಂಪೋ ಬಾಡಿಗೆ ಗಿಟ್ಟುವುದಿಲ್ಲ. ಆಗ ‘ಡ್ರೈವರನ ಪಕ್ಕದ ಸೀಟಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಕೊಕ್ಕೆ ಹಾಕಿಸಿದರೆ ಬೇಕೆಂದಾಗ ಕಿತ್ತಿಡಬಹುದಲ್ಲ’ ಎಂಬ ವಿಚಾರ ಬರುವುದು ಸಹಜ.

ಬಯಕೆ ತಪ್ಪಲ್ಲ. 1948ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ಹಳ್ಳಿಯ ರೈತರನ್ನೇ ಕಣ್ಣ ಮುಂದಿಟ್ಟುಕೊಂಡು ‘2 ಸಿವಿ’ ಎಂಬ ಕಾರನ್ನು ಹೊರತಂದಿತು. 50 ಕಿಲೋ ಆಲೂಗಡ್ಡೆ ಹೊತ್ತು ಸಂತೆಗೆ ಹೋಗಬೇಕು ಎಂಬುದೇ ಅದರ ಉದ್ದೇಶಗಳಲ್ಲೊಂದು. ಅದರ ಸೀಟುಗಳನ್ನು ಸುಲಭವಾಗಿ ಎತ್ತಿ ಹೊರಗಿಡಬಹುದಿತ್ತು. ಆದರೆ ಮೊದಲ 2 ಸಿವಿಯ ಅತಿ ಹೆಚ್ಚಿನ ವೇಗ ಗಂಟೆಗೆ ಸುಮಾರು 65 ಕಿ.ಮೀ. ಮಾತ್ರ. ಇಂದು ಸಂಕೇಶ್ವರದ ಬಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಮ್ಮ ಕಾರುಗಳು ಓಡುವ ವೇಗ ನಿಮಗೆ ಗೊತ್ತೇ ಇದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು, ರಾತ್ರಿ ದೀಪವಿಲ್ಲದೆ ನಿಂತ ಕಬ್ಬಿನ ಟ್ರಾಲಿಗೆ ಬಡಿದು ಅರ್ಧ ಮೀಟರಿನೊಳಗೆ ನಿಂತಿತೆನ್ನಿ. ಆಗ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 60 ಕಿಲೋದ ಮನುಷ್ಯ, 15 ಕಿಲೋದ ಸೀಟು ಕೂಡಿದರೆ 15 ಕ್ವಿಂಟಾಲ್ ಎಳೆತವಾಯಿತು. ಹೆಚ್ಚಿನ ಕಾರುಗಳಲ್ಲಿ ಬೆಲ್ಟಿನ ಗುಂಡಿ ಸಿಗಿಸುವ ಭಾಗವೂ ಸೀಟಿಗೇ ಜೋಡಿಸಿರುತ್ತದೆ. ಕೊಕ್ಕೆ ಕಿತ್ತರೆ ಬೆಲ್ಟು ಹಾಕಿಯೂ ಉಪಯೋಗವಿಲ್ಲ. ಆ ಸೀಟಿನಲ್ಲಿ ಕೂಡುವವರು ಯಾರು? ಹೆಚ್ಚಾಗಿ ನಮ್ಮ ಮನೆಯ ಹಿರಿಯರು ಇಲ್ಲವೆ ಹೆಂಡತಿ. ಗಾಲಿಗೆ ಕಡಾಣಿ ಹೇಗೋ ಸೀಟಿಗೆ ಬೋಲ್ಟು ಹಾಗೆ. ಕಡಾಣಿಯ ಬದಲು ಕಡ್ಡಿ ಸಿಗಿಸಿ ಗಾಡಿ ಹೂಡುವವರುಂಟೇ?

ಕಾಯ್ದೆಯ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ನೋಂದಣಿ ಪತ್ರದ ವಿವರ ಬೇರೆಯಾಗುವ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿ ಹಿಡಿದಿದೆ. ಎಷ್ಟು ಜನ ಕೂಡಬಹುದೆಂಬುದು ಆ ಪತ್ರದಲ್ಲಿಯೇ ಇರುತ್ತದೆ. ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಬರಬಹುದು. ಪರವಾನಗಿ ಇಲ್ಲದೆ ಮಂದಿಯ ಮಾಲನ್ನು ಬಾಡಿಗೆಗೆ ಹೇರುವುದಂತೂ ಸಲ್ಲದು.

ಹಾಗಾದರೆ ಮಾಡಬೇಕಾದುದೇನು? ಮೊದಲು ಹಿಂದಿನ ಸೀಟನ್ನು ಮಡಚಿ, ಮುಂದಿನ ಸೀಟಿನ ಬೆನ್ನನ್ನು ಪೂರ್ತಿ ಹಿಂದಕ್ಕೆ ಒರಗಿಸಿ ನೋಡಿರಿ. ಬಹಳಷ್ಟು ಮಾಲು ಅಷ್ಟರಲ್ಲೇ ಹಿಡಿಯುತ್ತದೆ. ಸೀಟು ತೆಗೆಯಲೇಬೇಕಾದರೆ ಮೊದಲು ನಿಮ್ಮ ಭಾಗದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ. ಬಳಿಕ ತಿಳಿದ ಮೆಕ್ಯಾನಿಕ್‌ನಿಂದ ಮೂಲ ಬೋಲ್ಟುಗಳನ್ನಷ್ಟೇ ಬಿಚ್ಚಿಸಿರಿ. ಹೊಸ ಕಾರುಗಳಲ್ಲಿ ಸೀಟಿನ ಕೆಳಗೆ ಬೆಲ್ಟಿನ ಎಚ್ಚರಿಕೆಯ ತಂತಿ, ಕೆಲವದರಲ್ಲಿ ಏರ್‌ಬ್ಯಾಗಿನ ತಂತಿಯೂ ಇರುತ್ತದೆ. ಬ್ಯಾಟರಿ ಬಿಚ್ಚದೆ ಅವನ್ನು ಮುಟ್ಟಬಾರದು. ಓಮ್ನಿ, ಈಕೋ ವ್ಯಾನುಗಳಲ್ಲಿ ಇಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಅಲ್ಲಿ ಈ ವಿಚಾರವೇ ಬೇಡ.

ಖಾಲಿ ಜಾಗದಲ್ಲಿ ಇಟ್ಟ ಮಾಲನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿರಿ. 45 ಕಿಲೋದ ಯೂರಿಯಾ ಚೀಲವೂ ಮೇಲಿನ ಲೆಕ್ಕದಲ್ಲಿ 9 ಕ್ವಿಂಟಾಲ್ ಆಗುತ್ತದೆ. ಸೀಟು ಇಲ್ಲದ ಕಡೆ ಚೀಲದ ಮೇಲೆ ಮಕ್ಕಳನ್ನು ಕೂಡಿಸುವುದು ಎಂದಿಗೂ ಬೇಡ.

ಬೋಲ್ಟು ಬಿಚ್ಚಿ ಹಾಕಲು ಹೊತ್ತು ಹಿಡಿಯುತ್ತದೆ ಎನ್ನುವಿರಾ? ಎತ್ತು ಹೂಡಲು ಹೊತ್ತು ಹಿಡಿಯುತ್ತಿರಲಿಲ್ಲವೇ? ಬೇಗ ಬಿಚ್ಚುವಂಥ, ಆದರೂ ಗಟ್ಟಿಯಾದ ಸೀಟನ್ನು ಪರೀಕ್ಷಿಸಿ ಕೊಡುವುದು ಕಾರು ತಯಾರಿಸುವವರ ಕೆಲಸ. ಕಾರು ಕೊಳ್ಳಲು ಹೋದಾಗ ನಾವು ಬಣ್ಣ, ಮೈಲೇಜು ಕೇಳುತ್ತೇವೆ. ಇನ್ನು ಮೇಲೆ ಇದನ್ನೂ ಕೇಳೋಣ. ರೈತರು ಒಟ್ಟಾಗಿ ಕೇಳಿದರೆ ತಯಾರಕರು ಕಿವಿಗೊಟ್ಟಾರು. ಅಲ್ಲಿಯವರೆಗೆ ಅರ್ಧ ತಾಸು ಉಳಿಸಲು ಹೋಗಿ ಮನೆಯವರ ಜೀವವನ್ನು ಕೊಕ್ಕೆಗೆ ನೇತು ಹಾಕದಿರೋಣ.